ಬಾಯಿ ನೋಡದೆ ಬರೆದ ಚೀಟಿ

ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಶಿಡ್ಲಘಟ್ಟದ ದಂತವೈದ್ಯರೊಬ್ಬರು ನಮ್ಮಮ್ಮನ ಹಲ್ಲುಗಳೆಲ್ಲ ಚೆನ್ನಾಗಿವೆ ಎಂದು ಬರೆದು ಸಹಿ ಹಾಕಿದರು. ಆ ಹೊತ್ತಿಗೆ ಅಮ್ಮ ನಮ್ಮೂರು ಸಾದಲಿಯಲ್ಲಿ, ರೇಷ್ಮೆ ಸಾಕುವ ಹುಳುಮನೆಯಲ್ಲಿದ್ದಳು.

ಅಮ್ಮನ ಹೃದಯದ ಒಂದು ಕವಾಟ ಬದಲಿಸಬೇಕಿತ್ತು. ಮೊದಲು ಹಲ್ಲು ತೋರಿಸಿ ಪತ್ರ ತನ್ನಿ ಎಂದು ಬೆಂಗಳೂರಿನ ಆಸ್ಪತ್ರೆಯವರು ಹೇಳಿದ್ದರು. ಕೊಳೆತ ಹಲ್ಲಿನ ಸೋಂಕು ರಕ್ತಕ್ಕಿಳಿದರೆ ಹೊಸ ಕವಾಟದ ಮೇಲೆಯೇ ಕೂರುತ್ತದೆ, ಆಮೇಲೆ ಜೀವ ಉಳಿಸುವುದು ಕಷ್ಟ ಎಂದು ವಿವರಿಸಿಯೂ ಇದ್ದರು. ಕೇಳಿಸಿಕೊಂಡವನು ನಾನೇ. ಬಿ.ಎಸ್ಸಿ. ಓದಿದವನು.

ಆದರೆ ಆ ವಾರ ರೇಷ್ಮೆಹುಳುಗಳು ಹಣ್ಣಾಗಿದ್ದವು. ಅವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿ ತಟ್ಟೆಗೆ ಬಿಡುವ ಕೆಲಸ ಅರ್ಧ ದಿನವೂ ಕಾಯುವುದಿಲ್ಲ. "ಹುಳ ಬಿಟ್ಟು ಹಲ್ಲು ತೋರಿಸ್ಕೊಂಡು ಕೂರ್ಲಾ? ನೀವೇ ಹೋಗ್ಬನ್ರಪ್ಪ," ಎಂದಳು ಅಮ್ಮ. ಸೋದರಮಾವನಿಗೆ ಅಷ್ಟೇ ಸಾಕಾಯಿತು. ಯಾವ ಕಾಗದವನ್ನಾದರೂ ಸಂಬಂಧಪಟ್ಟ ಆಳಿಲ್ಲದೆ ಮಾಡಿಸಿ ತರಬಲ್ಲೆನೆಂಬುದು ಅವನ ಬದುಕಿನ ಏಕೈಕ ಸಾಧನೆ.

"ನಮ್ಮಕ್ಕನ ಹಲ್ಲು ಕಲ್ಲಿದ್ದಂಗೆ ಸಾರ್. ಈಗ್ಲೂ ಕಬ್ಬು ಸಿಗಿತಾಳೆ," ಎಂದ ಮಾವ, ದಂತವೈದ್ಯರ ಮುಂದೆ ನನ್ನ ಪಕ್ಕ ಕೂತು.

"ಕರ್ಕೊಂಡ್ ಬರ್ಬೇಕಿತ್ತು ಕಣ್ರೀ," ಎಂದರು ವೈದ್ಯರು, ಪೆನ್ನಿನ ಮುಚ್ಚಳ ತೆಗೆಯುತ್ತಲೇ.

"ಹುಳ ಹಣ್ಣಾಗವೆ ಸಾರ್."

ಆ ತಾಲ್ಲೂಕಿನಲ್ಲಿ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ವಯಸ್ಸು ಕೇಳಿದರು, ಹೇಳಿದೆ. ಅಮ್ಮ ವರ್ಷಗಳಿಂದ ಎಡದವಡೆಗೆ ಹೊಗೆಸೊಪ್ಪು ಒತ್ತಿಟ್ಟು ನೋವು ಮರೆಯುತ್ತಿದ್ದುದು ನನಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ಚೀಟಿ ಮಡಿಕೆಯಾಗದಂತೆ ಫೈಲಿಗೆ ಸೇರಿಸಿದೆ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಬೆಂಗಳೂರಿನಲ್ಲಿ ಅರಿವಳಿಕೆ ಕೊಡುವ ವೈದ್ಯೆ ಅಮ್ಮನ ಬಾಯಿ ತೆರೆಸಿ ಟಾರ್ಚು ಬಿಟ್ಟರು. ಎಡಗಡೆಯ ಒಸಡನ್ನು ಬೆರಳಿನಿಂದ ಒತ್ತಿದರು. ಕೀವು ಬಂತು.

"ಇವರ ಹಲ್ಲು ನೋಡಿದ್ದು ಯಾರು?"

ಮಾವ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಅಮ್ಮ ಬಾಯೊರೆಸಿಕೊಂಡು, "ಯಾರೂ ನೋಡಿಲ್ಲ ಕಣಮ್ಮ. ಇವ್ರಿಬ್ರೇ ಹೋಗಿ ಬರೆಸ್ಕೊಂಬಂದ್ರು," ಎಂದಳು, ನಮ್ಮ ಬಗ್ಗೆ ಹೆಮ್ಮೆಯಿಂದಲೇ.

ಆಪರೇಷನ್ ನಿಂತಿತು. ಎರಡು ಹಲ್ಲು ಕಿತ್ತು, ಔಷಧಿ ಕೊಟ್ಟು, ಬಾಯಿ ವಾಸಿಯಾದ ಮೇಲಷ್ಟೇ ಹೊಸ ಕವಾಟ ಹಾಕಿದರು. "ಎರಡು ಹಲ್ಲಿಗೋಸ್ಕರ ತಿಂಗಳುಗಟ್ಲೆ ಕಾಯ್ಸಿದ್ರು," ಎಂದು ಮಾವ ಈಗಲೂ ಮದುವೆಮನೆಗಳಲ್ಲಿ ಆಸ್ಪತ್ರೆಯವರನ್ನು ಬೈಯುತ್ತಾನೆ. ಅವನ ನಿದ್ದೆ ಒಂದು ದಿನವೂ ಕೆಡಲಿಲ್ಲ. ನಾನು ಕಣ್ಣು ಮುಚ್ಚಿದರೆ, ಆ ವೈದ್ಯೆ ಅವಸರದಲ್ಲಿದ್ದು ನನ್ನ ಫೈಲನ್ನೇ ನಂಬಿ ಸುಮ್ಮನಾಗುವುದು ಕಾಣುತ್ತಿತ್ತು. ಮನೆಗೆ ಬಂದ ಮೇಲೂ ಜ್ವರವಿದೆಯೇ ಎಂದು ಅಮ್ಮನ ಹಣೆ ಮುಟ್ಟಲು ಏಳುತ್ತಿದ್ದೆ. ನನ್ನ ಕಾಟಕ್ಕೆ ಅವಳಿಗೂ ನಿದ್ದೆಯಿಲ್ಲ. ರಕ್ತದಲ್ಲಿ ಸೋಂಕಿಲ್ಲವೆಂದು ವರದಿ ಬಂದ ಶುಕ್ರವಾರ ಇಬ್ಬರೂ ಉಂಡು ಮಲಗಿದೆವು. ಎದ್ದಾಗ ಶನಿವಾರದ ಬಿಸಿಲು ಹಾಸಿಗೆಯವರೆಗೆ ಬಂದಿತ್ತು.