ದಡ್ಡಿಯ ದಾರಿ, ಎರಡು ಗಾಡಿ, ಒಂದು ತಂಬಿಗೆ ಮಜ್ಜಿಗೆ

ಗೋಕಾಕದಿಂದ ಮೂಡಲಗಿಗೆ ಹೋಗುವ ಬೆಳಗಿನ ಮೊದಲ ಬಸ್ಸು ಹತ್ತಿ ಕೂತಾಗ ನನ್ನ ತೊಡೆಯ ಮೇಲೆ ಕರದಂಟಿನ ದೊಡ್ಡ ಡಬ್ಬಿ, ಅದರ ಮೇಲೆ ಹಸಿರು ಸೀರೆಯ ಗಂಟು, ಗಂಟಿನೊಳಗೆ ಹಸಿರು ಬಳೆ. ಟಿಕೀಟಿಗೆ ಹನ್ನೆರಡು ರೂಪಾಯಿ. ಹೊರಗೆ ಜಿಟಿಜಿಟಿ ಮಳೆ. ಬಳೆ ಒಡೆದಾವೆಂದು ಪ್ರತಿ ತಗ್ಗಿಗೂ ಗಂಟನ್ನು ಎತ್ತಿ ಹಿಡಿಯುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಕುಬಸಕ್ಕೆ ಹೊರಟಿರೇನು ಎಂದು ಕೇಳಿದರು. ಹೌದು, ತಂಗಿಯ ಸೀಮಂತಕ್ಕೆ ಎಂದೆ. ಬೀಗರದು ಮೂಡಲಗಿಯೋ ಎಂದರು. ಅಲ್ಲ, ದಡ್ಡಿ ಎಂದೆ. ಅವರು ನನ್ನನ್ನು ಒಂದು ನಮೂನೆ ನೋಡಿದರು. ದಡ್ಡಿ ಇರುವುದು ಪಶ್ಚಿಮಕ್ಕೆ, ಹುಕ್ಕೇರಿಯ ಆಚೆ. ನಾನು ಹೊರಟದ್ದು ಪೂರ್ವಕ್ಕೆ.

ಅದಕ್ಕೆ ಕಾರಣವಿತ್ತು. ನನ್ನ ತಂಗಿ ಪದ್ಮಾಳನ್ನು ದಡ್ಡಿಯ ಹತ್ತಿರ ಹೊಳೆದಂಡೆಯ ತೋಟದ ಮನೆಗೆ ಕೊಟ್ಟಿದ್ದೆವು. ಈಗ ಅವಳಿಗೆ ಏಳು ತಿಂಗಳು. ಹಿಂದಿನ ಸಲ ಬಸುರಾಗಿ ಐದು ತಿಂಗಳಿದ್ದಾಗ ಅದೇ ದಾರಿಯಲ್ಲಿ ಟೆಂಪೋದಲ್ಲಿ ಬಂದವಳು ಮರುದಿನವೇ ಕೂಸನ್ನು ಕಳೆದುಕೊಂಡಿದ್ದಳು. ದಾರಿಗೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದರು. ಅವಳ ಅತ್ತೆ ಅಕ್ಕಾತಾಯಿ ನಂಬಲಿಲ್ಲ. ಖರೆ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ. ಈ ಸಲ ಅಕ್ಕಾತಾಯಿ, ಮೊದಲು ಗಾಡಿ ತಂದು ತೋರಿಸಲಿ, ನನಗೆ ಮನಸ್ಸಿಗೆ ಬಂದರೆ ಸೊಸೆಯನ್ನು ಕಳಿಸುತ್ತೇನೆ ಎಂದು ಹೇಳಿ ಕಳಿಸಿದ್ದರು. ಆಷಾಢ ಎದುರಿಗೇ ನಿಂತಿತ್ತು. ಆಷಾಢದಲ್ಲಿ ಬಸುರಿಯನ್ನು ಕರೆತರುವಂತಿಲ್ಲ, ಶ್ರಾವಣದ ಹೊತ್ತಿಗೆ ಒಂಬತ್ತು ತುಂಬಿ ಹೊಳೆಯೂ ತುಂಬಿರುತ್ತದೆ. ಆ ದಿನ ಕರೆತರದಿದ್ದರೆ ಪದ್ಮಾ ಮಳೆಗಾಲವಿಡೀ ದವಾಖಾನೆ ದೂರವಿದ್ದ ಆ ತೋಟದಲ್ಲೇ ಉಳಿಯಬೇಕಿತ್ತು. ಇದನ್ನು ನೆನೆದರೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಮೂಡಲಗಿಯಲ್ಲಿ ನನ್ನ ಗೆಳೆಯ ಶಿವಾನಂದನಿದ್ದ. ಹುಕ್ಕೇರಿಯಲ್ಲಿ ಇನ್ನೊಬ್ಬ, ಬಾಹುಬಲಿ. ಗೋಕಾಕದ ಕಾಲೇಜಿನಲ್ಲಿ ಮೂವರೂ ಕೂಡಿ ಓದಿದವರು. ನಾನು ಅದೇ ಕಾಲೇಜಿನಲ್ಲಿ ಮಾಸ್ತರನಾದೆ. ಬೇರೆಯವರು ಸೇರಿದಾಗ ಇಸ್ಪೀಟು ಆಡಿದರೆ ನಾವು ಸೇರಿದಾಗ ಗಾಡಿ ಓಡಿಸಿ ತಕರಾರು ಮಾಡುತ್ತಿದ್ದೆವು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನಮ್ಮ ಕಡೆ ನಾಲ್ಕೂ ಗಾಲಿಗೆ ಬಲ ಹೋಗುವ ಗಾಡಿ ಎಂದರೆ ಜೀಪು ಎಂದೇ ಎಲ್ಲರ ತಿಳುವಳಿಕೆ. ಶಿವಾನಂದನ ಬಳಿ ಅಂಥದೊಂದು ಹಳೆಯ ಡೀಸೆಲ್ ಜೀಪು ಇತ್ತು. ಅಷ್ಟರಲ್ಲಿ ಬಾಹುಬಲಿ ಕೊಲ್ಲಾಪುರದಿಂದ ಸೆಕೆಂಡ್ ಹ್ಯಾಂಡ್ ಜಪಾನಿ ಕಾರೊಂದನ್ನು ತಂದ. ಅದಕ್ಕೆ ಜೀಪಿನ ಹಾಗೆ ಲಿವರ್ ಎಳೆಯುವ ಕೆಲಸವಿಲ್ಲ. ಮುಂದಿನ ಗಾಲಿ ಜಾರಿದರೆ ತಾನೇ ತಿಳಿದು ಹಿಂದಿನ ಗಾಲಿಗೂ ಬಲ ಕಳಿಸುತ್ತದೆ. ಯಾವುದು ಮೇಲು ಎಂಬ ಜಗಳ ಆರು ತಿಂಗಳಾದರೂ ಹರಿದಿರಲಿಲ್ಲ. ಎರಡನ್ನೂ ದಡ್ಡಿಗೆ ಒಯ್ಯುವುದು, ಅಕ್ಕಾತಾಯಿ ಒಪ್ಪಿದ್ದರಲ್ಲಿ ಪದ್ಮಾಳನ್ನು ತರುವುದು ಎಂದು ಗೊತ್ತು ಮಾಡಿದ್ದೆವು.

ಶಿವಾನಂದನದು ಕುರಿ ಕಾಯುವ ಮನೆತನ, ಈಗ ಕಬ್ಬಿನ ಕಮತವೂ ಇದೆ. ಸಂತೆಗೆ ಮರಿಗಳನ್ನು ಒಯ್ಯುವುದು ಆ ಜೀಪಿನಲ್ಲೇ. ಹಿಂದಿನ ದಿನ ತೊಳೆದು ಊದುಬತ್ತಿ ಹಚ್ಚಿದ್ದನಂತೆ. ಈಗ ಕುರಿ ಮತ್ತು ಊದುಬತ್ತಿ ಎರಡರ ವಾಸನೆಯೂ ಬರುತ್ತಿತ್ತು. ಪದ್ಮಾಳಿಗೆ ಇದರಿಂದ ವಾಂತಿಯಾದರೆ ಗತಿಯೇನು ಎಂದೆ. ಕಿಟಕಿಯೇ ಇಲ್ಲದ ಗಾಡಿಯಲ್ಲಿ ಗಾಳಿಗೇನು ಬರ ಎಂದ. ಹೆತ್ತವರಿಗೆ ಹೆಗ್ಗಣ ಮುದ್ದು.

ಊರು ದಾಟಿ ಎರಿಮಣ್ಣಿನ ಹೊಲದ ದಾರಿಯಲ್ಲಿ ಜೀಪನ್ನು ಪರೀಕ್ಷೆ ಮಾಡೋಣವೆಂದ. ಈ ಜೀಪಿನಲ್ಲಿ ಒಳಗಿನ ಲಿವರ್ ಎಳೆದರಷ್ಟೇ ಸಾಲದು. ಮುಂದಿನ ಎರಡೂ ಗಾಲಿಗಳ ನಡುವೆ ಅಂಗೈಯಷ್ಟು ಬಿಲ್ಲೆಗಳಿರುತ್ತವೆ, ಅದಕ್ಕೆ ಹಬ್ ಎನ್ನುತ್ತಾರೆ. ಇಳಿದು ಎರಡನ್ನೂ ಕೈಯಿಂದ ತಿರುಗಿಸಬೇಕು. ಆಗಲೇ ಮುಂದಿನ ಗಾಲಿಗೆ ಬಲ ಹೋಗುವುದು. ನಮ್ಮಲ್ಲೊಂದು ರಿವಾಜು ಇತ್ತು: ಬಲಗಡೆಯದು ಓಡಿಸುವವನ ಕೆಲಸ, ಎಡಗಡೆಯದು ಎಡಸೀಟಿನವನ ಕೆಲಸ. ಶಿವಾನಂದ ಇಳಿದು ಹತ್ತಿದ, ಲಿವರ್ ಎಳೆದ, ಗಾಡಿಯನ್ನು ಕೆಸರಿಗೆ ಬಿಟ್ಟ.

"ಮುಂದಿನ ಗಾಲಿ ಎಳ್ಯಾಕತ್ತೈತಿ ನೋಡ. ಸೀಟಿನ್ಯಾಗ ಗೊತ್ತಾಗ್ತೈತಿ," ಎಂದ.

ನನಗೂ ಗೊತ್ತಾಯಿತು. ಸ್ಟೇರಿಂಗ್ ಬಿಗಿಯಾದದ್ದು, ಮೂತಿ ತಾನೇ ದಾರಿ ಹುಡುಕಿದ್ದು, ಬೆನ್ನಿಗೆ ಸಿಕ್ಕ ಆ ಗಟ್ಟಿ ನೂಕು, ಎಲ್ಲವನ್ನೂ ನಾನೇ ಅವನಿಗೆ ಬಣ್ಣಿಸಿ ಹೇಳಿದೆ. ಮನಸ್ಸಿಗೆ ತುಸು ಸಮಾಧಾನವೂ ಆಯಿತು.

ಮತ್ತೆ ಗೋಕಾಕ ದಾಟಿ ಘಟಪ್ರಭಾ ಕಡೆಗೆ ಬಂದೆವು. ಧುಪದಾಳದ ಹತ್ತಿರ ಚಹಾಕ್ಕೆ ನಿಂತಾಗ ಹೊಳೆಗೆ ಕಟ್ಟಿದ ಬಂದಾರದ ಮೇಲೆ ಕೆಂಪು ನೀರು ಬೀಳುವ ಸದ್ದು ಕೇಳುತ್ತಿತ್ತು. ಹೋದ ವಾರ ಇಲ್ಲಿ ಕಲ್ಲು ಕಾಣುತ್ತಿತ್ತು ಎಂದು ಅಂಗಡಿಯವ ಹೇಳಿದ. ಅಂದರೆ ಮೇಲೆ, ದಡ್ಡಿಯ ಕಡೆ, ಮಳೆ ಜೋರಾಗಿದೆ. ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟೆ. ಶಿವಾನಂದ ನನ್ನದನ್ನೂ ಕುಡಿದ.

ಹುಕ್ಕೇರಿಯಲ್ಲಿ ಬಾಹುಬಲಿ ಕಿರಾಣಿ ಅಂಗಡಿಯ ಮುಂದೆ ಕಾರನ್ನು ಒರೆಸುತ್ತ ನಿಂತಿದ್ದ. ಅವನ ಮನೆಯಲ್ಲಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಉಂಡು ಹೊರಟೆವು. ನಾನು ಸೀರೆಯ ಗಂಟಿನೊಡನೆ ಕಾರಿಗೆ ಬದಲಾದೆ. ಡಾಂಬರಿನ ಮೇಲೆ ಕಾರು ತೊಟ್ಟಿಲು. ತಗ್ಗು ಬಂದದ್ದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಸೊಂಟಕ್ಕೆ ತಿಳಿಯುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಶಿವಾನಂದ ಕನ್ನಡಿಯಲ್ಲಿ ಸೀಟಿನಿಂದ ಪುಟಿಪುಟಿದು ಕೂರುತ್ತಿದ್ದ. ಇನ್ನೇನು ತೀರ್ಮಾನವಾಯಿತಲ್ಲ ಎಂದು ಬಾಹುಬಲಿ ನಕ್ಕ. ಡಾಂಬರು ಮುಗಿಯಲಿ ತಡಿ ಎಂದೆ. ನನ್ನದು ಮೊದಲೇ ಹೆದರುಪುಕ್ಕಲು ಜೀವ. ಆದರೆ ಆ ದಿನ ನಾನು ಹೆದರಿದ್ದು ತಪ್ಪಾಗಲಿಲ್ಲ.

ದಡ್ಡಿಗಿಂತ ತುಸು ಈಚೆ ಡಾಂಬರು ಬಿಟ್ಟು ತೋಟದ ದಾರಿಗೆ ಇಳಿಯಬೇಕು. ಮೈಲಿನ ಕಾಲುಭಾಗವೂ ಇಲ್ಲ. ಆದರೆ ನಡುವೆ ಒಂದು ಕಡಿದಾದ ಏರು, ಅದರ ಎಡಕ್ಕೆ ಹಳ್ಳ. ಬರುವಾಗ ಅದು ಇಳಿಜಾರಾದ್ದರಿಂದ ಎರಡೂ ಗಾಡಿ ಜಾರುತ್ತ ಬಂದು ಮನೆ ಮುಟ್ಟಿದವು. ಕೆಂಪು ಮಣ್ಣು ಬೆಣ್ಣೆಯಾಗಿತ್ತು. ಇದನ್ನು ಹತ್ತುವುದು ಹೇಗೆ ಎಂದು ಆಗಲೇ ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದೆ.

ಪದ್ಮಾ ಹೊರಸಿನ ಮೇಲೆ ಕೂತಿದ್ದಳು, ಮುಖ ಸಣ್ಣದಾಗಿತ್ತು. ಅವಳ ಗಂಡ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಸೀರೆ ಉಡಿಸಿ ಬಳೆ ತೊಡಿಸಿದ್ದಾಯಿತು. ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಸಿದ್ಧವಿದ್ದವು. ಅವನ್ನು ಸೊಸೆಯ ಮಡಿಲಿಗೆ ಹಾಕಿ ಉಡಿ ತುಂಬಿದರೆ ಕಳಿಸಿದಂತೆ. ಆದರೆ ಅಕ್ಕಾತಾಯಿ ಮೊರವನ್ನು ಮುಟ್ಟಲಿಲ್ಲ. ಬೆಳಿಗ್ಗೆಯಿಂದ ಅತ್ತೆಯ ಬಾಯಿಗೆ ಒಂದು ತುತ್ತೂ ಹೋಗಿಲ್ಲ ಎಂದು ಪದ್ಮಾ ನನ್ನ ಕಿವಿಯಲ್ಲಿ ಹೇಳಿದಳು.

ನಾವು ಮೂವರೂ ಅಕ್ಕಾತಾಯಿಗೆ ನಾಲ್ಕು ಗಾಲಿಯ ಮಹಿಮೆ ವಿವರಿಸಿದೆವು. ಅವರು ಪೂರ್ತಿ ಕೇಳಿ ಒಳಗೆ ಹೋಗಿ ತಂಬಿಗೆ ತುಂಬ ಮಜ್ಜಿಗೆ ತಂದರು.

"ನನಗ ಗಾಡಿ ತಿಳ್ಯಾಂಗಿಲ್ರಿ, ಮಾಸ್ತರ. ಇದನ್ನ ತೊಡೀ ಮ್ಯಾಲ ಇಟ್ಕೊಂಡು ಮೊದಲ ನಾ ಕುಂದರತೇನಿ. ಇದು ಎಷ್ಟು ಉಳೀತೈತೋ ನೋಡೂಣು," ಎಂದರು.

ಮೊದಲು ಕಾರು. ಅಕ್ಕಾತಾಯಿ ಮುಂದೆ ಕೂತು ಎರಡೂ ಕೈಯಲ್ಲಿ ತಂಬಿಗೆ ಹಿಡಿದರು. ನಾನು ಹಿಂದೆ. ಅಂಗಳದಿಂದ ಏರಿನ ಬುಡದವರೆಗೆ ಒಂದು ಹನಿಯೂ ಅಲುಗಲಿಲ್ಲ. ಏರಿನ ನಡುವೆ ಮುಂದಿನ ಗಾಲಿ ಗಿರ್ ಎಂದು ಸುಮ್ಮನೆ ತಿರುಗಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ಕಾರು ಯೋಚಿಸಿತು. ಆಮೇಲೆ ಹಿಂದಿನ ಗಾಲಿಗೆ ಒಮ್ಮೆಲೇ ಬಲ ಬಂದು ನಮ್ಮನ್ನು ನೂಕಿತು. ಏರು ಹತ್ತಿದ್ದೇನೋ ಹತ್ತಿತು, ಮಜ್ಜಿಗೆ ಅರ್ಧ ಅಕ್ಕಾತಾಯಿಯ ಮಡಿಲಿಗೆ ಬಂತು. ಡಾಂಬರು ಮುಟ್ಟಿದ ಮೇಲೆ ಅವರು, "ಮೆತ್ತಗ ಐತಿ. ಖರೆ, ನಡಕ ಒಮ್ಮೆ ಗಾಬರಿ ಆಗ್ತೈತಿ," ಎಂದರು. ಆರು ತಿಂಗಳು ತಕರಾರು ಮಾಡಿಯೂ ನಾವು ಆ ಕಾರಿನ ಗುಣವನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಬಾಹುಬಲಿಯನ್ನು ಕಾರಿನೊಡನೆ ಅಲ್ಲೇ ಬಿಟ್ಟು ನಾನೂ ಅಕ್ಕಾತಾಯಿಯೂ ನಡೆದು ಮನೆಗೆ ಬಂದೆವು. ತಂಬಿಗೆ ಮತ್ತೆ ತುಂಬಿತು. ಈಗ ಜೀಪು. ಶಿವಾನಂದ ಲಿವರ್ ಎಳೆದು, ಇದು ಎಳೆಯುವ ಗಾಡಿ, ಗಾಬರಿಯಾಗುವ ಮಾತೇ ಇಲ್ಲ ಎಂದ. ಪದ್ಮಾ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಏರಿನ ನಡುವೆ ಅದೇ ಜಾಗದಲ್ಲಿ ಜೀಪಿನ ಹಿಂದಿನ ಗಾಲಿಗಳು ಒದರಿದವು. ಗಾಡಿ ನಿಂತಿತು. ನಿಂತದ್ದು ನಿಧಾನ ಎಡಕ್ಕೆ, ಹಳ್ಳದ ಕಡೆಗೆ, ತಿರುಗುತ್ತ ಜಾರಿತು. ಶಿವಾನಂದ ಎಕ್ಸಿಲರೇಟರ್ ತುಳಿದಷ್ಟೂ ಹಳ್ಳ ಹತ್ತಿರ ಬಂತು. ಹಿಂದೆ ಕೂತಿದ್ದ ನಾನು ಸೀಟಿನ ಕಂಬಿ ಹಿಡಿದೆ. ಕಡೆಗೆ ಒಂದು ಬೇರಿಗೆ ಗಾಲಿ ತಾಕಿ ಜೀಪು ನಿಂತಿತು. ತಂಬಿಗೆ ಅಕ್ಕಾತಾಯಿಯ ಕಾಲ ಬಳಿ ಉರುಳಿತ್ತು.

ಅವರು ಇಳಿದು, ಸೆರಗು ಹಿಂಡಿಕೊಂಡು, "ಆತು ಬಿಡ್ರಿ. ಶ್ರಾವಣದಾಗ ನೋಡೂಣು," ಎಂದರು. ಸಿಟ್ಟಿರಲಿಲ್ಲ. ತಂಬಿಗೆ ಎತ್ತಿಕೊಂಡು ಮನೆಯ ಕಡೆ ನಡೆದರು. ನನಗೆ ಅಳು ಬರುವುದೊಂದು ಬಾಕಿ. ಶಿವಾನಂದ ದಾರಿಯದೇ ತಪ್ಪು ಎಂದ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ.

ಆಗ ಪದ್ಮಾ ಬದುವಿನಿಂದ ಕೂಗಿ ಹೇಳಿದಳು. "ಅಣ್ಣಾ, ಮುಂದಿನ ಗಾಲಿ ಕದಲಲೇ ಇಲ್ಲಲ್ಲ. ಬರೇ ಹಿಂದಿನವು ತಿರಗಾಕತ್ತಿದ್ದು."

ಇಳಿದು ಬಲಗಡೆಯ ಹಬ್ ನೋಡಿದೆ, ತಿರುಗಿಸಿತ್ತು. ಎಡಕ್ಕೆ ಹೋಗಿ ಕೆಸರು ಒರೆಸಿದೆ. ಬಿಲ್ಲೆ ಇದ್ದ ಹಾಗೇ ಇತ್ತು. ಎರಡರಲ್ಲಿ ಒಂದನ್ನು ಬಿಟ್ಟರೂ ಮುಂದಿನ ಗಾಲಿಗೆ ಬಲವೇ ಹೋಗುವುದಿಲ್ಲ. ಮೂಡಲಗಿಯಲ್ಲಿ ಎಡಸೀಟಿನಲ್ಲಿ ಬಳೆಯ ಗಂಟು ಹಿಡಿದು ಕೂತವನು ನಾನು. ಗಂಟು ಬಿಟ್ಟು ಇಳಿದಿರಲಿಲ್ಲ. ನಾನು ಇಳಿದು ತಿರುಗಿಸಿದೆನೆಂದು ಶಿವಾನಂದ, ಎರಡನ್ನೂ ಅವನೇ ತಿರುಗಿಸಿದನೆಂದು ನಾನು ತಿಳಿದಿದ್ದೆವು. ಹಾಗಾದರೆ ಬೆಳಿಗ್ಗೆ ಸೀಟಿನಲ್ಲಿ ಗೊತ್ತಾದ ಆ ಎಳೆತ, ಬೆನ್ನಿಗೆ ಸಿಕ್ಕ ಆ ನೂಕು? ಎರಿಮಣ್ಣು ಒಳಗೆ ಇನ್ನೂ ಒಣಗಿತ್ತು, ಅಷ್ಟೇ. ಎಳೆಯುತ್ತಿದೆ ಎಂದವನು ಶಿವಾನಂದ, ಹೌದೆಂದು ರಾಗ ಎಳೆದವನು ನಾನು. ಒಳಗೆ ಕೂತ ಇಬ್ಬರು ಜಾಣರಿಗೆ ತಿಳಿಯದ್ದು ಹೊರಗೆ ನಿಂತು ನೋಡಿದ ಪದ್ಮಾಳಿಗೆ ಕಂಡಿತು.

ಎಡಗಡೆಯ ಬಿಲ್ಲೆ ತಿರುಗಿಸಿದೆ. ಜೀಪು ಈ ಸಲ ಸಣ್ಣ ಗೇರಿನಲ್ಲಿ ಮಿಸುಕಾಡದೆ ಹಳ್ಳದ ಅಂಚಿನಿಂದ ಈಚೆ ಬಂದು, ಹಿಂದಕ್ಕೆ ಇಳಿದು, ಮನೆಯ ಮುಂದೆ ನಿಂತಿತು. ಆದರೆ ಮತ್ತೆ ಹತ್ತಿರೆಂದು ಅಕ್ಕಾತಾಯಿಗೆ ಯಾವ ಬಾಯಿಂದ ಹೇಳುವುದು? ಪದ್ಮಾ ತಂಬಿಗೆ ತೊಳೆದು, ಮಜ್ಜಿಗೆ ತುಂಬಿಕೊಂಡು ಬಂದಳು.

"ಈಗ ನಾ ಕುಂದರತೇನ್ರಿ, ಅತ್ತಿ. ಇಲ್ಲಿ ಕುಂತು ದಿನಾ ಹೆದರೂದ್ರಕಿಂತಾ ಒಂದ ಸಲ ಹೆದರಿ ಹೋಗೂದು ಚಲೋ," ಎಂದಳು.

ಅಕ್ಕಾತಾಯಿ ಮೊರದಲ್ಲಿದ್ದ ಅಕ್ಕಿ, ಕೊಬ್ಬರಿ, ಬೆಲ್ಲವನ್ನು ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು.

"ಕುಂದರು. ನಾ ಬಾಜೂಕ ನಡೀತೇನಿ," ಎಂದರು.

ಶಿವಾನಂದ ಎಲ್ಲಕ್ಕಿಂತ ಸಣ್ಣ ಗೇರು ಹಾಕಿದ. ಆ ಗೇರಿನಲ್ಲಿ ಜೀಪು ಎತ್ತಿನ ಬಂಡಿಗಿಂತ ನಿಧಾನ. ಹಳ್ಳ ಇದ್ದ ಎಡಗಡೆಗೇ ಅಕ್ಕಾತಾಯಿ ಪದ್ಮಾಳ ಸೀಟಿನ ಅಂಚು ಹಿಡಿದು ಕೆಸರಿನಲ್ಲಿ ಬರಿಗಾಲಲ್ಲಿ ನಡೆದರು. ಹಿಂದೆ ಕೂತ ನಾನು ತಂಗಿಯ ಹೆಗಲು ಹಿಡಿದಿದ್ದೆ. ಏರಿನ ನಡುವೆ, ಎರಡು ಸಲ ಮೋಸವಾದ ಆ ಜಾಗದಲ್ಲಿ, ನಾನು ಕಣ್ಣು ಮುಚ್ಚಿದೆ. ನೂಕೂ ಇಲ್ಲ, ಜಾರಿಕೆಯೂ ಇಲ್ಲ. ಮುಂದಿನ ಗಾಲಿ ಖರೆ ಎಳೆದಾಗ ಸೀಟಿನಲ್ಲಿ ಏನೂ ಗೊತ್ತಾಗುವುದಿಲ್ಲ ಎಂದು ಆಗ ತಿಳಿಯಿತು. ಕಣ್ಣು ತೆರೆದಾಗ ಎದುರಿಗೆ ಡಾಂಬರು, ಬಾಹುಬಲಿಯ ಕಾರು.

ಮುಂದಿನ ದಾರಿಗೆ ಕಾರೇ ಸರಿ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ಶಿವಾನಂದ. ಪದ್ಮಾಳನ್ನು ಕಾರಿಗೆ ಕೂರಿಸಿದೆವು. ಅಕ್ಕಾತಾಯಿ ರಸ್ತೆಯ ಮೇಲೆಯೇ, ಕೆಸರು ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೊಸೆಯ ಉಡಿ ತುಂಬಿದರು. ಪಶ್ಚಿಮದಲ್ಲಿ ಮೋಡದ ಕೆಳಗೆ ಸೂರ್ಯ ಒಂದು ಬೆರಳಿನಷ್ಟು ಉಳಿದಿದ್ದ. ಹೊತ್ತು ಮುಳುಗಿದ ಮೇಲೆ ನಮ್ಮ ಜೈನರ ಮನೆಗಳಲ್ಲಿ ಏನನ್ನೂ ಬಾಯಿಗೆ ಹಾಕುವುದಿಲ್ಲ. ಅಕ್ಕಾತಾಯಿ ಪದ್ಮಾಳ ಕೈಯಿಂದ ತಂಬಿಗೆ ಇಸಿದುಕೊಂಡರು. ಎಷ್ಟು ಉಳಿದಿದೆಯೆಂದು ನೋಡಲೂ ಇಲ್ಲ. ನಿಂತಲ್ಲೇ ಎತ್ತಿ, ಒಂದೇ ಉಸಿರಿಗೆ, ಗಟಗಟ ಕುಡಿದರು. ಬಹಳ ಹೊತ್ತು ಕುಡಿದರು.

ನಾವೂ ಕತ್ತಲಾಗುವ ಮೊದಲು ಹುಕ್ಕೇರಿ ಮುಟ್ಟಿ ಉಣ್ಣಬೇಕೆಂದು ಬಾಹುಬಲಿ ಕಾರು ಚಾಲೂ ಮಾಡಿದ. ಅಕ್ಕಾತಾಯಿ ಕಿಟಕಿಗೆ ಬಗ್ಗಿದರು.

"ಇವತ್ತೊಂದಿನ ಊಟ ತಪ್ಪಿದ್ರ ತಪ್ಪಲಿ. ಸಾವಕಾಶ ಹೋಗ್ರಿ," ಎಂದರು.

ಬಾಹುಬಲಿ ಸಾವಕಾಶವೇ ಹೋದ. ಪದ್ಮಾ ಹಿಂದೆ ತಿರುಗಿ ನೋಡಲಿಲ್ಲ, ಉಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನಾನು ನೋಡಿದೆ. ಮಂಡಿಯವರೆಗೆ ಕೆಂಪು ಮಣ್ಣು ಮೆತ್ತಿದ ಆ ಹೆಣ್ಣುಮಗಳು ಬರಿದಾದ ತಂಬಿಗೆಯನ್ನು ಎದೆಗೆ ಹಿಡಿದು, ರಸ್ತೆ ತಿರುಗುವವರೆಗೂ ಅಲ್ಲೇ ನಿಂತಿದ್ದರು.