ಹಸಿರು ದಾರದ ಕ್ಯಾಸೆಟ್ಟು

ನಾನು ಚಿಕ್ಕವಳಿದ್ದಾಗ ನನಗೆ ದೆವ್ವದ ಭಯ ಇರಲಿಲ್ಲ, ಮಗ್ಗದ ಭಯವಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ವಿದ್ಯುತ್ ಮಗ್ಗ. ಎಲ್ಲವೂ ಒಟ್ಟಿಗೆ ಶುರುವಾದರೆ ನೆಲ ಅದುರುತ್ತಿತ್ತು, ಬಲ್ಬು ಮಂಕಾಗುತ್ತಿತ್ತು. ನಮ್ಮ ಕಂಪ್ಯೂಟರಿಗೆ ಅಷ್ಟೇ ಸಾಕಿತ್ತು, ತಟ್ಟನೆ ಆರಿಹೋಗುತ್ತಿತ್ತು.

ಮಾವ ಬೆಂಗಳೂರಿನಿಂದ ತಂದುಕೊಟ್ಟ ಆ ಕಂಪ್ಯೂಟರನ್ನು ಟಿ.ವಿ.ಗೆ ಸಿಕ್ಕಿಸಿ ಅಕ್ಕ ಸೀರೆಯ ಅಂಚಿಗೆ ಚಿತ್ತಾರ ಬರೆಯುತ್ತಿದ್ದಳು. ಆರಿದರೆ ಬರೆದದ್ದೆಲ್ಲ ಮಾಯ. ಅದಕ್ಕೇ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟಿಗೆ ತುಂಬಿಸಿಡಬೇಕಿತ್ತು. ಕಿರ್ರೆಂದು ಕಿವಿ ಕೊರೆಯುವ ಸದ್ದು, ಐದು ನಿಮಿಷ. ಹೊಸದು ತುಂಬುತ್ತಾ ಹಳೆಯದು ಅಳಿಯುತ್ತಿತ್ತು. ನಡುವೆ ಕರೆಂಟು ಕೈಕೊಟ್ಟರೆ ಅದೂ ಇಲ್ಲ, ಇದೂ ಇಲ್ಲ. ಹಾಗಾಗಿ ಅಕ್ಕ ಎರಡು ಕ್ಯಾಸೆಟ್ ಇಟ್ಟು, ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು ದಾರ ಕಟ್ಟಿದ್ದಳು. ನಿನ್ನೆಯದು ಕೆಂಪಿನಲ್ಲಿದ್ದರೆ ಇಂದಿನದು ಹಸಿರಿಗೆ. ಅದೂ ಮಗ್ಗಗಳು ನಿಂತಿರುವ ಊಟದ ಹೊತ್ತಿನಲ್ಲಿ ಮಾತ್ರ.

ಅಂದು ಸಂಜೆ, ಅಂಚಿನ ಚಿತ್ತಾರ ನೋಡಿ ಮಗ್ಗದ ರಟ್ಟಿಗೆ ತೂತು ಹೊಡೆಯುವವರು ಬರುವವರಿದ್ದರು. ರಟ್ಟಿನಲ್ಲಿ ತೂತು ಹೇಗೆ ಬಿತ್ತೋ ಸೀರೆಯೂ ಹಾಗೇ, ಆಮೇಲೆ ತಿದ್ದುವಂತಿಲ್ಲ. ಅದು ಅಕ್ಕನ ಮೊದಲ ಅಂಚು. ಎದುರುಬದುರು ಕೂತ ಗಿಳಿಗಳು, ನಡುವೆ ಮಾವಿನ ಗೊಂಚಲು. ಗೊಂಚಲು ಬರೆಯಲಿಕ್ಕೇ ಹಿಂದಿನ ದಿನವೂ ಅಂದಿನ ಬೆಳಗೂ ಹಿಡಿದಿತ್ತು. ಸಂಜೆಗೆ ಕೊಡದಿದ್ದರೆ ಅಪ್ಪ ಹಳೆಯ ಅಂಚನ್ನೇ ಮಗ್ಗಕ್ಕೇರಿಸುತ್ತಿದ್ದರು.

"ಒಂದು ತುತ್ತು ಉಂಡ್ಬಿಟ್ಟು ಬರ್ತೀನಿ. ಹಸಿರು ದಾರದ್ದು ಹಾಕಿ ತುಂಬ್ಸಿಡೇ, ಬೇಗ" ಎಂದು ಅಕ್ಕ ಎದ್ದಳು.

ಅಕ್ಕನ ಕುರ್ಚಿ ಸಿಕ್ಕ ಜಂಬ ನನಗೆ. ಕಾಲ ಮೇಲೆ ಕಾಲು ಹಾಕಿ ಕೂತು ಒಂದಿಷ್ಟು ಹೊತ್ತು ಮೇಡಂ ಆಟ ಆಡಿದೆ. ನಿನ್ನೆಯದನ್ನು ಟಿ.ವಿ.ಗೆ ತರಲು ಬೆಳಿಗ್ಗೆ ಅಕ್ಕ ಹಾಕಿದ್ದ ಕ್ಯಾಸೆಟ್ ರೆಕಾರ್ಡರಿನಲ್ಲೇ ಇತ್ತು. ದಾರ ನೋಡದೆ ಗುಂಡಿ ಒತ್ತಿಬಿಟ್ಟೆ. ಅರ್ಧ ಆಗಿರಬೇಕು, ಬೀದಿಯ ಮಗ್ಗಗಳು ಧಡಧಡನೆ ಎದ್ದವು. ಟಿ.ವಿ.ಯ ಚಿತ್ರ ಕುಗ್ಗಿ ಕಪ್ಪಾಯಿತು. ಆಗ ನೋಡಿದರೆ ಕೆಂಪು ದಾರ! ಇವತ್ತಿನದೂ ಇಲ್ಲ, ನಿನ್ನೆಯದೂ ಇಲ್ಲ. ಓಡಿಹೋಗಬೇಕೆನಿಸಿತು.

ಎಂಜಲು ಕೈಯಲ್ಲೇ ಓಡಿಬಂದ ಅಕ್ಕನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಏನೇ ಮಾಡ್ಬಿಟ್ಟೆ!"

ಅಕ್ಕ ಹೆದರಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಲ್ಬು ಮತ್ತೆ ಬೆಳಗಿದಾಗ ಅವಳು ಎಂಜಲು ಕೈ ಒರೆಸಿಕೊಂಡು ಹಸಿರು ದಾರದ್ದನ್ನು ಹಾಕಿದಳು. ಅದೂ ಕೆಟ್ಟಿದ್ದರೆ? ಐದು ನಿಮಿಷ ಇಬ್ಬರೂ ಟಿ.ವಿ.ಯನ್ನೇ ನೋಡುತ್ತಾ ಕೂತೆವು. ಕೊನೆಗೆ ಗಿಳಿಗಳು ಬಂದವು. ಮೊನ್ನೆಯ ಗಿಳಿಗಳು. ನಡುವೆ ಗೊಂಚಲಿರಲಿಲ್ಲ.

ಮತ್ತೆ ಬರೆಯಲು ಹೊತ್ತಿರಲಿಲ್ಲ. ಅಕ್ಕ ಟಿ.ವಿ.ಯ ಮೇಲಿನ ಚೌಕಗಳನ್ನು ಎಣಿಸಿ ಎಣಿಸಿ ಗಿಳಿಗಳನ್ನಷ್ಟೇ ಚೌಕಳಿ ಹಾಳೆಗೆ ಇಳಿಸಿದಳು. ಸಂಜೆ ಅಪ್ಪ ಹಾಳೆ ಹಿಡಿದು ಕೇಳಿದರು, "ನಡುವೆ ಬರಿದಾಗೈತಲ್ಲಮ್ಮಾ?"

ಬಾಗಿಲ ಹಿಂದೆ ನನ್ನ ಎದೆ ಮಗ್ಗಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಹಿಂಗೇ ಚೆನ್ನಾಗಿರುತ್ತೆ ಬಿಡಪ್ಪಾ" ಎಂದಳು ಅಕ್ಕ. ನನ್ನ ಹೆಸರೆತ್ತಲಿಲ್ಲ.

ಮಕ್ಕಳೇ, ನಿಮ್ಮ ಮೊಬೈಲು ನಿನ್ನೆಯದನ್ನೂ ಮೊನ್ನೆಯದನ್ನೂ ತಾನೇ ಕಾಪಾಡಿಡುತ್ತದೆ. ತಪ್ಪಾದರೆ ಬೆರಳಲ್ಲಿ ಒತ್ತಿ ಹಿಂದಕ್ಕೆ ಹೋಗುತ್ತೀರಿ. ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ನನ್ನ ತಪ್ಪು ಮಾತ್ರ ಸೀರೆಯಾಗಿ ಎಷ್ಟೋ ಮದುವೆಮನೆಗಳಿಗೆ ಹೋಯಿತು. ಇಂದಿಗೂ ಯಾರಾದರೂ ಹಳೆಯ ಸೀರೆ ಉಟ್ಟು ಎದುರು ಬಂದರೆ ನಾನು ಮುಖ ನೋಡುವುದಿಲ್ಲ, ಮೊದಲು ಅಂಚು ನೋಡುತ್ತೇನೆ.