ಗ್ರಹಣವಿಲ್ಲದೆ ನಿಂತ ಒನಕೆ

ಒನಕೆಗೆ ಪಂಚಾಂಗ ಓದಲು ಬರುವುದಿಲ್ಲ. ಇಷ್ಟು ಸಣ್ಣ ಮಾತು ಗೊತ್ತಾಗುವ ತನಕ ನಮ್ಮ ಪಕ್ಕದ ಮನೆಯ ತಾಯವ್ವ ಮೂರು ವರ್ಷ ಅತ್ತಳು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹಳಿಯಾಳದ ಹತ್ತಿರದ ನಮ್ಮೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ತಾಯಿ ಇರಲಿಲ್ಲ. ಅತ್ತೆ ಮುದಕವ್ವನನ್ನೇ ‘ಅವ್ವಾ’ ಎಂದು ಕರೆದಳು. ಮುದಕವ್ವನೂ ಸೊಸೆಯ ತಲೆಗೆ ಎಣ್ಣೆ ಒತ್ತಿ ಎರೆಯುತ್ತಿದ್ದಳು. ಓಣಿಯ ಹೆಂಗಸರಿಗೆ ಹೊಟ್ಟೆಕಿಚ್ಚು. ಗಂಡ ಚನಬಸಪ್ಪ ದಾಂಡೇಲಿಯಲ್ಲಿ ಮಿಲ್ಲಿನ ಪಾಳಿ ಕೆಲಸ ಮಾಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದ.

೧೯೬೨ರ ಫೆಬ್ರುವರಿಯಲ್ಲಿ ಅಷ್ಟಗ್ರಹ ಕೂಟದ ಗುಲ್ಲೆದ್ದಿತು. ಎಂಟು ಗ್ರಹ ಒಂದೇ ರಾಶಿಗೆ ಬರುತ್ತವೆ, ಪ್ರಳಯ ಆಗಿಯೇ ತೀರುತ್ತದೆ ಎಂದು ಜನ ಅನ್ನ ನೀರು ಬಿಟ್ಟರು. ಗ್ರಹಗಳೇನು ಒಂದೆಡೆ ಬಂದು ಗುಡ್ಡೆ ಬೀಳುವುದಿಲ್ಲ. ತೇಗದ ಸಾಲಿನ ತುದಿಯಲ್ಲಿ ನಿಂತು ನೋಡಿ, ಹಿಂದಿನ ಮರಗಳೆಲ್ಲ ಮುಂದಿನ ಮರಕ್ಕೆ ಅಂಟಿಕೊಂಡಂತೆ ಕಾಣುತ್ತವೆ. ಸ್ವಲ್ಪ ಪಕ್ಕಕ್ಕೆ ಸರಿದರೆ ನಡುವೆ ಬಂಡಿ ಹೋಗುವಷ್ಟು ಜಾಗ. ಆಕಾಶದಲ್ಲಿ ಆದದ್ದೂ ಅಷ್ಟೇ. ಹೆದರಿದವರ ಮೇಲೆ ಹಾವು ಎಸೆದಂತೆ, ಅದೇ ಅಮಾವಾಸ್ಯೆಗೆ ಸೂರ್ಯಗ್ರಹಣವೂ ಇದೆ ಎಂಬ ಸುದ್ದಿ ಬಂತು.

ಅವತ್ತು ಬೆಳಿಗ್ಗೆ ತಾಯವ್ವ ಗಂಡನ ಬುತ್ತಿಗೆಂದು ಈಳಿಗೆಯ ಮುಂದೆ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದಳು. ಎರಡು ತಿಂಗಳ ಬಸುರಿ. ಮುದಕವ್ವ ಅಂಗಳದಲ್ಲಿ ಪರಾತವೆಂಬ ಅಗಲ ತಟ್ಟೆಗೆ ನೀರು ಹಾಕಿ ಒನಕೆ ನೆಟ್ಟಗೆ ಇಟ್ಟಳು. ಒನಕೆ ತಾನಾಗಿ ನಿಂತರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿದೆ ಎಂಬುದು ನಮ್ಮ ಕಡೆಯ ನಂಬಿಕೆ. ಗ್ರಹಣದಲ್ಲಿ ಬಸುರಿ ಏನಾದರೂ ಕೊಯ್ದರೆ ಕೂಸಿನ ತುಟಿ ಸೀಳುತ್ತದೆ ಎಂಬುದೂ ನಂಬಿಕೆಯೇ. ಒನಕೆ ನಿಂತಿತು. “ಈಳಿಗಿ ಬಿಡ ತಾಯವ್ವಾ! ಗ್ರಹಣ ಹಿಡದೈತಿ!” ಎಂದು ಅತ್ತೆ ಕೂಗಿದ್ದು ನಮ್ಮ ಮನೆಗೂ ಕೇಳಿಸಿತು.

ಪ್ರಳಯವೇನೂ ಆಗಲಿಲ್ಲ. ಆದರೆ ಚೌತಿಯ ಹೊತ್ತಿಗೆ ಹುಟ್ಟಿದ ಹೆಣ್ಣುಕೂಸಿಗೆ ಸೀಳುತುಟಿ ಇತ್ತು.

“ಒನಕಿನ ಸಾಕ್ಷಿ ಐತಿ. ನಿನ್ನ ಕೈಯಾರೆ ಕೊಯ್ದಿ” ಎಂದಳು ಮುದಕವ್ವ. ತಾಯವ್ವ ಎದುರಾಡಲಿಲ್ಲ, ಅವ್ವ ಸುಳ್ಳು ಹೇಳುತ್ತಾಳೆಯೇ! ಗಂಡ ಊರಿಗೆ ಬರುವುದೇ ಅಪರೂಪವಾಯಿತು. ಅವಳು ಈಳಿಗೆ ಮುಟ್ಟುವುದನ್ನು ಬಿಟ್ಟಳು. ಮದುವೆಮನೆಗಳಲ್ಲಿ ಹೆಂಗಸರೆಲ್ಲ ಕಾಯಿಪಲ್ಲೆ ಹೆಚ್ಚಲು ಕುಳಿತರೆ ಇವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮಗಳು ಹಾಲು ಕುಡಿಯಲಾರದೆ ಒದ್ದಾಡುವಾಗ ತನ್ನ ಕೈಗಳಿಗೇ ಶಾಪ ಹಾಕುತ್ತಿದ್ದಳು.

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಖಾರ ಕುಟ್ಟಿದ ಒನಕೆಯನ್ನು ಪರಾತದ ನೀರಿನಲ್ಲಿ ಹಿಡಿದು ತೊಳೆಯುತ್ತಿದ್ದಳು. ಮಗಳು ಹೊಸ್ತಿಲು ಎಡವಿದಳು. ಒನಕೆಯ ಕೈಬಿಟ್ಟು ಓಡಿ ಮಗಳನ್ನು ಎತ್ತಿಕೊಂಡು ತಿರುಗಿದರೆ, ಒನಕೆ ನೆಟ್ಟಗೆ ನಿಂತಿದೆ! ಗಾಬರಿಯಿಂದ ಮೇಲೆ ನೋಡಿದಳು. ಕಣ್ಣು ಕುಕ್ಕುವ ಬಿಸಿಲು. ಮಗಳನ್ನು ಕಂಕುಳಲ್ಲಿಟ್ಟುಕೊಂಡೇ ಪಂಚಾಂಗ ಹೇಳುವ ಅಡಿವೆಯ್ಯನವರ ಮನೆಗೆ ಹೋದಳು.

“ಅಜ್ಜಾರ, ಇವತ್ತ ಗ್ರಹಣ ಐತೇನ್ರಿ?”

“ಇವತ್ತ ಪಂಚಮಿ. ಸೂರ್ಯಗ್ರಹಣ ಅಮಾಸಿಗೆ, ಚಂದ್ರಗ್ರಹಣ ಹುಣ್ಣಿವಿಗೆ. ನಡುವ ಎಲ್ಲಿಂದ ಬರ್ತೈತಿ ತಂಗಿ?”

“ಮತ್ತ ಅಷ್ಟಗ್ರಹದ ಅಮಾಸಿಗೆ?”

“ಅದು ನಮ್ಮ ಕಡೆ ಹಿಡೀಲೇ ಇಲ್ಲವ್ವ. ಚಂದ್ರನ ನೆಳ್ಳು ದೂರ ಮೂಡಲ ಸಮುದ್ರದ ಮ್ಯಾಲ ಹೋತು. ನಮಗ ಆಚರಣಿ ಇಲ್ಲಂತ ಹಿಂದಿನ ದಿನಾನ ನಿಮ್ಮತ್ತಿಗೆ ಹೇಳಿದ್ನೆಲ್ಲ.”

ಒನಕೆಯ ಅಡಿ ಸಪಾಟಾಗಿದ್ದು, ಅದರ ಭಾರ ಆ ಅಡಿಯ ಒಳಗೇ ನೇರವಾಗಿ ಇಳಿದರೆ ಅದು ಯಾವತ್ತೂ ನಿಲ್ಲುತ್ತದೆ. ಭಾರ ಆಚೆಗೆ ವಾಲಿದರೆ ಬೀಳುತ್ತದೆ. ಚಂದ್ರನ ಹಂಗು ಅದಕ್ಕಿಲ್ಲ.

ಮನೆಗೆ ಬಂದವಳೇ ಅತ್ತೆಯ ಎದುರು ಪರಾತ ಎಳೆದು ಒನಕೆ ನಿಲ್ಲಿಸಿ ಕೈಬಿಟ್ಟಳು.

“ಅವ್ವಾ, ಇವತ್ತ ಯಾರಿಗೆ ಗ್ರಹಣ ಹಿಡದೈತಿ?”

ಮುದಕವ್ವನಿಗೆ ಆಶ್ಚರ್ಯವೇ ಆಗಲಿಲ್ಲ. ಅದನ್ನು ಕಂಡೇ ತಾಯವ್ವನ ಎದೆ ಒಡೆಯಿತು.

“ನಮ್ಮಣ್ಣನ ತುಟಿನೂ ಹಿಂಗ ಇತ್ತು” ಎಂದಳು ಮುದುಕಿ, ತಲೆ ತಗ್ಗಿಸಿ. “ಕೂಸಿಗೂ ಬಂದೀತಂತ ಹೆದರಿ ಅವತ್ತ ಒನಕಿ ಇಟ್ಟೆ. ನನ್ನ ತವರಿನಿಂದ ಬಂತಂದ್ರ ಮಗ ನನ್ನ ಮಾರಿ ನೋಡ್ತಿದ್ನೇನ? ಒನಕಿ ನಿಂತಿತ್ತು, ನೀ ನಂಬಿದಿ.”

“ನಾ ನಂಬಿದ್ದು ಒನಕಿನ್ನ ಅಲ್ಲ ಅವ್ವಾ. ನಿನ್ನ.”

ಚನಬಸಪ್ಪ ಬಂದಾಗ ಅವನ ಕೈಯಿಂದಲೇ ಒನಕೆ ನಿಲ್ಲಿಸಿದಳು. “ಉಳಿದದ್ದು ನಿಮ್ಮವ್ವನ್ನ ಕೇಳ್ರಿ” ಎಂದಳು. ಅವನು ತಾಯಿಯನ್ನು ನೋಡಿದ. ಹೆಂಡತಿಯನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ. ತಾಯವ್ವ ಒಳಗೆ ಹೋಗಿ ಈಳಿಗೆ ಹಾಕಿಕೊಂಡು ಕುಳಿತು, ಬದನೆಕಾಯಿ ಹೆಚ್ಚಿದಳು.

ಅಡುಗೆಯಾದ ಮೇಲೆ ಬಾಗಿಲಿಗೆ ಬಂದು, ಪರವೂರಿನಿಂದ ಬಂದವರನ್ನು ಕರೆಯುವ ಮರ್ಯಾದೆಯಿಂದ ಕರೆದಳು:

“ಅತ್ತಿಯಾರ, ಊಟಕ್ಕ ಬರ್ರಿ.”

ಮುದಕವ್ವ ತುತ್ತು ಎತ್ತಲಿಲ್ಲ.